ವೈಟ್ಟಿಲದ ಮಾವನ ಕಡಲು

ಉಡುಪಿಯಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ತೆಂಕಕ್ಕೆ ಹೊರಟವರು ಬೇರೆ ದಾರಿಗೆ ಹೊರಳದೆ, ನೇತ್ರಾವತಿ, ಚಂದ್ರಗಿರಿ, ಭಾರತಪ್ಪುಳಗಳನ್ನು ದಾಟಿ ಸೀದಾ ಕೊಚ್ಚಿಯ ವೈಟ್ಟಿಲಕ್ಕೆ ಬಂದು ಸೇರಬಹುದು. ಊರು ಬಂತು ಎಂದು ತಿಳಿಯಬೇಕಾದರೆ ಮಾತ್ರ ತಲೆ ಎತ್ತಿ ನೋಡಬೇಕು. ಎಲ್ಲಕ್ಕೂ ಮೇಲೆ ಮೆಟ್ರೋ ರೈಲು, ಅದರಡಿಯಲ್ಲಿ 2021ರಲ್ಲಿ ತೆರೆದ ಮೇಲ್ಸೇತುವೆ, ಅದರಡಿಯಲ್ಲಿ ಸಿಗ್ನಲ್ಲಿಗೆ ಕಾದು ನಿಂತ ಬಸ್ಸು, ಲಾರಿ, ಆಟೋಗಳ ಸಂತೆ. ಕೊಚ್ಚಿಯವರು ಈ ಜಂಕ್ಷನ್ನಿನ ಹೆಸರು ಹೇಳಿದರೆ ಸಾಕು, ಕೇಳಿದವರು ನಿಟ್ಟುಸಿರು ಬಿಡುತ್ತಾರೆ. ಅಲ್ಲಿಂದ ಬಸ್ ನಿಲ್ದಾಣದ ಒಳಹೊಕ್ಕು ಹಿತ್ತಿಲ ಕಡೆಗೆ ನಡೆದೆ. ಬಸ್ಸುಗಳ ಸಾಲು ಮುಗಿದಲ್ಲಿ ಹೊಳೆ! ತೆಂಗಿನ ನೆರಳಿನಲ್ಲಿ ಹಸಿರುಗಟ್ಟಿದ ನೀರು, ಒಂದು ನೀರುಕಾಗೆ ಗೂಟದ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಬಸ್ಸು, ರೈಲು, ದೋಣಿ ಮೂರೂ ಒಂದೇ ಅಂಗಳದಲ್ಲಿ ಸಿಗುವ ನಿಲ್ದಾಣವನ್ನು ನಾನು ಕಂಡದ್ದು ಅದೇ ಮೊದಲು.

ಅಲ್ಲಿ ಛತ್ರಿ ಊರಿಕೊಂಡು ನಿಂತವರು ನಮ್ಮ ಮನೆಯಲ್ಲಿ ಎಲ್ಲರೂ 'ವೈಟ್ಟಿಲದ ಮಾವ' ಎಂದು ಕರೆಯುವ ಹಿರಿಯರು. ಅಮ್ಮನಿಗೆ ದೂರದ ಸಂಬಂಧದಲ್ಲಿ ಅಣ್ಣ. ಮಂಜೇಶ್ವರ ಕಡೆಯ ಕನ್ನಡದವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆ ಕಡೆಯ ಎಷ್ಟೋ ಹುಡುಗರು ಸರ್ಕಾರಿ ಪರೀಕ್ಷೆ ಬರೆದು ತಿರುವನಂತಪುರದ ರೈಲು ಹತ್ತಿದರಲ್ಲ, ಅವರಲ್ಲಿ ಒಬ್ಬರು. ಸಿಕ್ಕಿದ್ದು ಮ್ಯೂಸಿಯಮ್ಮಿನ ಗ್ರಂಥಪಾಲಕನ ಕೆಲಸ. ಊರಿನಲ್ಲಿ ಯಾರಿಗೂ ಅದೆಂಥ ಕೆಲಸವೆಂದು ಕಡೆಯವರೆಗೂ ಅರ್ಥವಾಗಲಿಲ್ಲ. ಮ್ಯೂಸಿಯಂ ಎಂದರೆ ವಿಗ್ರಹದ ಧೂಳು ಹೊಡೆಯುವುದು ಎಂದುಕೊಂಡವರೇ ಹೆಚ್ಚು. ಮ್ಯೂಸಿಯಮ್ಮಿನ ಒಳಗೊಂದು ಪುಸ್ತಕದ ಕೋಣೆ ಇರುತ್ತದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತುವಿನ ಕೆಳಗಿನ ಎರಡು ಸಾಲಿನ ಚೀಟಿ ಆ ಕೋಣೆಯಲ್ಲಿ ಹುಟ್ಟುತ್ತದೆ ಎಂಬುದು ನೋಡಲು ಹೋದವರಿಗೆ ಕಾಣುವುದೇ ಇಲ್ಲ. ಬೇರೆಯವರಿಗೆ ಹುಡುಕಿಕೊಡುತ್ತಾ ಹುಡುಕಿಕೊಡುತ್ತಾ ಮಾವನಿಗೇ ಕಡಲ ಚರಿತ್ರೆಯ ಹುಚ್ಚು ಹತ್ತಿತು. ನಿವೃತ್ತಿಯಾದ ಮೇಲೆ ಮಗಳ ಮನೆಯೆಂದು ವೈಟ್ಟಿಲಕ್ಕೆ ಬಂದರು; ಹುಚ್ಚನ್ನೂ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಬಂದರು.

"ಮೊದಲು ನೀರು ನೋಡು, ಕಾಗದ ಆಮೇಲೆ" ಎಂದು ದೋಣಿಗೆ ಕರೆದೊಯ್ದರು. ವೈಟ್ಟಿಲದಿಂದ ಕಾಕ್ಕನಾಡಿಗೆ ವಾಟರ್ ಮೆಟ್ರೋ ಶುರುವಾದದ್ದು 2023ರ ಏಪ್ರಿಲಿನಲ್ಲಿ. ಬ್ಯಾಟರಿಯ ದೋಣಿ, ಹೊಗೆಯಿಲ್ಲ, ಗಡಗಡ ಸದ್ದಿಲ್ಲ. ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡ್. ವಿಮಾನವಾಹಕ ಐಎನ್‌ಎಸ್ ವಿಕ್ರಾಂತ್ ನೀರಿಗಿಳಿದದ್ದೂ ಅದೇ ಕಟ್ಟೆಯಿಂದ. ನನ್ನನ್ನು ಹಿಡಿದು ನಿಲ್ಲಿಸಿದ್ದು ದೋಣಿಗಿಂತ ಜೆಟ್ಟಿ. ಕಾಲಡಿಯ ಕಟ್ಟೆಯೇ ನೀರಿನ ಮೇಲೆ ತೇಲುತ್ತದೆ. ಭರತಕ್ಕೆ ದೋಣಿ ಏರಿದರೆ ಕಟ್ಟೆಯೂ ಏರುತ್ತದೆ, ಇಳಿತಕ್ಕೆ ಎರಡೂ ಜೊತೆಗೇ ಇಳಿಯುತ್ತವೆ. ಹಾಗಾಗಿ ಗಾಲಿಕುರ್ಚಿಯಲ್ಲಿದ್ದ ಒಬ್ಬ ಅಜ್ಜಿಯನ್ನು ಮೊಮ್ಮಗ ಮನೆಯ ಹೊಸಿಲು ದಾಟಿಸಿದಷ್ಟೇ ಸಲೀಸಾಗಿ ದೋಣಿಯೊಳಗೆ ತಳ್ಳಿಕೊಂಡು ಬಂದ. ಬೈಂದೂರು, ಗಂಗೊಳ್ಳಿಗಳಲ್ಲಿ ಹಲಗೆಯ ಮೇಲೆ ಜೀವ ಕೈಯಲ್ಲಿ ಹಿಡಿದು ದೋಣಿ ಹತ್ತಿದ ನನಗೆ ಹೊಟ್ಟೆಕಿಚ್ಚಾಯಿತು.

ಕಾಕ್ಕನಾಡು ಅರ್ಧ ಗಂಟೆಯೊಳಗಿನ ದಾರಿ. ಎರಡೂ ಬದಿಗೆ ಕಾಂಡ್ಲಾ ಪೊದೆ, ಮೇಲೆ ಗರುಡ, ನಡುನಡುವೆ ಇಪ್ಪತ್ತು ಮಹಡಿಯ ಫ್ಲಾಟುಗಳು. ಕಿಟಕಿಯ ಪಕ್ಕ ಕೂತ ಐಟಿ ಕಂಪನಿಯ ಹುಡುಗಿಯರು ಯಾರೂ ಹೊರಗೆ ನೋಡಲಿಲ್ಲ. ನಾನೊಬ್ಬನೇ ಕತ್ತು ಹೊರಳಿಸಿ ಹೊರಳಿಸಿ ನೋಡುತ್ತಿದ್ದೆ. ಮಾವ ಕೈತೋರಿಸಿ ಹೇಳಿದರು: "ಈ ನೀರು ಇಲ್ಲಿಯದ್ದೇ ಅಂತ ತಿಳ್ಕೊಬೇಡ. ಪೆರಿಯಾರು ತಂದು ಹಾಕಿದ ಮಣ್ಣು, ಸಮುದ್ರ ತೋಡಿದ ಬಾಯಿ. 1341ರಲ್ಲಿ ದೊಡ್ಡ ನೆರೆ ಬಂದು ಕೊಡುಂಗಲ್ಲೂರಿನ ರೇವು ಹೂಳಿನಲ್ಲಿ ಮುಚ್ಚಿತು, ಕೊಚ್ಚಿಯ ಬಾಯಿ ತೆರೆಯಿತು ಅಂತ ಹಿಂದಿನಿಂದ ಹೇಳಿಕೊಂಡು ಬಂದದ್ದುಂಟು. ಒಂದು ಊರು ಮುಳುಗಿ ಇನ್ನೊಂದು ಊರು ಎದ್ದದ್ದು."

ಕೊಡುಂಗಲ್ಲೂರಿನ ಬಳಿಯ ಪಟ್ಟಣಂ ಎಂಬಲ್ಲಿ 2007ರಿಂದ ಅಗೆದಾಗ ರೋಮನ್ ಆಂಫೊರಾ ಜಾಡಿಗಳ ಚೂರು, ಕಾಳುಮೆಣಸು, ದೋಣಿ ಕಟ್ಟುವ ತೇಗದ ಗೂಟಗಳು, ಒಂದು ಒಂಟಿಮರದ ದೋಣಿ ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆ. ಪ್ರಾಚೀನರ ಮುಜಿರಿಸ್ ಇದೇ ಇರಬೇಕೆಂದು ಹಲವರ ಅಂಬೋಣ. ಆ ದೋಣಿ ಹೆಬ್ಬಲಸಿನ ಮರದ್ದು ಎಂಬುದು ಮಾವ ಹೇಳುವವರೆಗೆ ನನ್ನ ತಲೆಗೆ ಹೋಗಿರಲಿಲ್ಲ. ನಮ್ಮ ಹಿತ್ತಿಲಿನ ಅದೇ ಹೆಬ್ಬಲಸು. ಉಪ್ಪುನೀರಿಗೆ ಹೆದರದ ಮರ.

ಮರುದಿನ ಮೆಟ್ರೋ ಹಿಡಿದು ತೃಪ್ಪುಣಿತ್ತುರಕ್ಕೆ ಹೋದೆವು. 2024ರ ಮಾರ್ಚಿನಿಂದ ರೈಲು ಅಲ್ಲಿಯವರೆಗೂ ಓಡುತ್ತದೆ. ಕೊಚ್ಚಿಯ ಅರಸರ ಹಿಲ್ ಪ್ಯಾಲೇಸಿನಲ್ಲಿ ಕಿರೀಟ, ಪಲ್ಲಕ್ಕಿ, ಕತ್ತಿಗಳ ಮುಂದೆ ಜನ ಮುತ್ತಿದ್ದರು. ಮಾವ ಅವುಗಳ ಕಡೆ ಕಣ್ಣೆತ್ತಲಿಲ್ಲ. ಇದೇ ಆವರಣದ ಪರಂಪರೆ ಅಧ್ಯಯನ ಕೇಂದ್ರದ ವಿದ್ವಾಂಸರು ಹೊರದೇಶದ ತಜ್ಞರ ಜೊತೆ ಸೇರಿ ಹೊರತೆಗೆದ ಒಂದು ಹಳೆಯ ಹಡಗಿನ ಕತೆ ಶುರುಮಾಡಿದರು. ಚೇರ್ತಲದ ಹತ್ತಿರ ಕಡಕ್ಕರಪ್ಪಳ್ಳಿ ಎಂಬ ಊರು, ಅದರ ತೈಕ್ಕಲ್ ಎಂಬ ಭಾಗ. ಸಮುದ್ರ ಅಲ್ಲಿಂದ ಹಿಂದೆ ಸರಿದು ಎಷ್ಟೋ ಕಾಲವಾಗಿದೆ. ಈಗ ಗದ್ದೆ, ತೆಂಗಿನ ತೋಟ. ನೆಲ ಅಗೆಯುತ್ತಿದ್ದವರ ಗುದ್ದಲಿಗೆ ಹಲಗೆ ತಾಗಿತು. 2002, 2003ರಲ್ಲಿ ತೆಗೆದು ನೋಡಿದರೆ 18 ಮೀಟರಿಗೂ ಮಿಕ್ಕಿ ಉದ್ದದ, ಮಧ್ಯಯುಗದ ನಾವೆ! ಹಲಗೆಯ ಮೇಲೆ ಹಲಗೆ ಹೊಡೆದು ಎರಡು ಪದರವಾಗಿ ಕಟ್ಟಿದ ಒಡಲು, ಕಬ್ಬಿಣದ ಮೊಳೆ. ಮರ ಮತ್ತೆ ಅದೇ ಹೆಬ್ಬಲಸು.

ಹಡಗು ಸಿಕ್ಕಿದ್ದು ಗದ್ದೆಯಲ್ಲಿ ಎಂಬುದನ್ನು ನಾನು ಅರಗಿಸಿಕೊಳ್ಳುತ್ತಿರುವಾಗಲೇ ಮಾವ ಮುಂದಿನದನ್ನು ಹೇಳಿದರು. ಇಟ್ಟಿ ಅಚ್ಚುದನ್ ಎಂಬ ವೈದ್ಯರ ಊರೂ ಇದೇ ಕಡಕ್ಕರಪ್ಪಳ್ಳಿ. ಡಚ್ಚರ ಗವರ್ನರ್ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಬರೆಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥಕ್ಕೆ ಔಷಧದ ತಿಳಿವಳಿಕೆ ಕೊಟ್ಟವರು ಆ ಈಳವ ವೈದ್ಯರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಪುಸ್ತಕ. 740ಕ್ಕೂ ಹೆಚ್ಚು ಸಸ್ಯಗಳು. ಅಚ್ಚುದನ್ ಜೊತೆಗೆ ಕೆಲಸ ಮಾಡಿದವರು ಕೊಚ್ಚಿಯಲ್ಲಿ ನೆಲೆಸಿದ್ದ ಮೂವರು ಕೊಂಕಣಿಗರು: ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಅವರು 1675ರ ಏಪ್ರಿಲಿನಲ್ಲಿ ಬರೆದುಕೊಟ್ಟ ಒಪ್ಪಿಗೆಯ ಮಾತು ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲಿ, ಅದೇ ಲ್ಯಾಟಿನ್ ಪುಸ್ತಕದಲ್ಲಿ ಅಚ್ಚಾಗಿದೆ. ಮಟ್ಟಾಂಚೇರಿಯ ಚೆರಳಾಯಿ ಬೀದಿಯಲ್ಲಿ ಇವತ್ತಿಗೂ ಕೊಂಕಣಿ ಕೇಳುತ್ತದೆ; ತಿರುಮಲ ದೇವಸ್ವದ ಎದುರು ನಿಂತರೆ ಉಡುಪಿಯ ತೆಂಕುಪೇಟೆಯಲ್ಲಿ ನಿಂತ ಹಾಗೆಯೇ.

ಆ ಲ್ಯಾಟಿನ್ನಿನ ಕೋಟೆಯನ್ನು ಒಡೆಯುವುದಕ್ಕೆ ಕೆ. ಎಸ್. ಮಣಿಲಾಲ್ ಎಂಬ ಸಸ್ಯಶಾಸ್ತ್ರಜ್ಞರು ತಮ್ಮ ಆಯುಸ್ಸಿನ ಬಹುಪಾಲು ಕೊಟ್ಟರು. ಇಂಗ್ಲಿಷ್ ಅನುವಾದ 2003ರಲ್ಲಿ, ಮಲಯಾಳಂ 2008ರಲ್ಲಿ, ಎರಡನ್ನೂ ಪ್ರಕಟಿಸಿದ್ದು ಕೇರಳ ವಿಶ್ವವಿದ್ಯಾಲಯ. ಮುನ್ನೂರು ವರ್ಷ ನೆಲ್ಲಿ, ಹಲಸು, ಮಾವಿನ ಬಗ್ಗೆ ನಮ್ಮವರೇ ಹೇಳಿದ್ದನ್ನು ನಮ್ಮವರು ಓದಲಾಗದೆ ಕೂತಿದ್ದರು. ಇದನ್ನು ನೆನೆದಾಗ ನನಗೆ ಬೆರಗೂ ಸಿಟ್ಟೂ ಒಟ್ಟಿಗೇ ಬಂತು.

ಮಾವನ ಮನೆಯಲ್ಲಿ ಪುಸ್ತಕಗಳಿಗಿಂತ ಹೆಚ್ಚು ಜಾಗ ಹಿಡಿದಿರುವುದು ಕಾರ್ಡುಗಳು. ಹಳೆಯ ಗ್ರಂಥಾಲಯಗಳಲ್ಲಿ ಇರುತ್ತಿದ್ದ, ಕೆಳಗೆ ಒಂದು ತೂತಿರುವ, ಅಂಗೈಯಗಲದ ದಪ್ಪ ಕಾಗದ. ಒಂದೊಂದರಲ್ಲೂ ಒಂದೊಂದು ದಾಖಲೆ ಎಲ್ಲಿದೆ ಎಂಬ ಗುರುತು. ನೀಲಿ ಶಾಯಿಯಲ್ಲಿ ಹೆಸರು, ಕೆಂಪಿನಲ್ಲಿ ಊರು, ಬಲತುದಿಯಲ್ಲಿ ಪೆನ್ಸಿಲಿನಲ್ಲಿ ವರ್ಗಸಂಖ್ಯೆ. ಪೆನ್ಸಿಲೇ ಯಾಕೆಂದು ಕೇಳಿದೆ. "ನಾಳೆ ಬುದ್ಧಿ ಬಂದರೆ ಅಳಿಸಬಹುದಲ್ಲ ಮಾರಾಯ" ಎಂದರು. ಡ್ಯೂಯಿ ಪದ್ಧತಿಯಲ್ಲಿ ಕೇರಳದ ಚರಿತ್ರೆಗೆ 954.83, ಕರ್ನಾಟಕದ ಚರಿತ್ರೆಗೆ 954.87. ಕಾಸರಗೋಡಿನ ಕನ್ನಡ ಪುಸ್ತಕ ಕೈಗೆ ಬಂದಾಗಲೆಲ್ಲ ಕೆಲಸದ ಮೇಜಿನ ಮೇಲೆ ರಾಜ್ಯ ಪುನರ್ವಿಂಗಡಣೆ ಮತ್ತೊಮ್ಮೆ ನಡೆಯುತ್ತಿತ್ತಂತೆ. ಸರ್ಕಾರದ ಸಂಬಳ ತಿಂದದ್ದರಿಂದ 83ಕ್ಕೆ ಹಾಕುತ್ತಿದ್ದರು. ಕಾರ್ಡು ಮಾತ್ರ ಎರಡು ಬರೆದು 87ರ ಡ್ರಾಯರಿನಲ್ಲೂ ಒಂದನ್ನು ಸೇರಿಸುತ್ತಿದ್ದರು.

ಅತ್ತೆ ಪುಟ್ಟು ಮತ್ತು ಕಡಲೆ ತಂದಿಟ್ಟು, "ಇವರ ಕಾರ್ಡು ಸರಿಸಿ ತಟ್ಟೆ ಇಡು. ಕಾರ್ಡಿಗೆ ಎಣ್ಣೆ ತಾಗಿದರೆ ನನಗೆ ಊಟ ಇಲ್ಲ" ಎಂದು ಎಚ್ಚರಿಸಿದರು.

ನಾನು ಸುಮ್ಮನೆ ಒಂದು ಕಾರ್ಡು ಎಳೆದೆ. ಬಸ್ರೂರು! ಕುಂದಾಪುರದ ಪಕ್ಕದ ನಮ್ಮ ಬಸ್ರೂರಿನ ಮೇಲೆ ವೈಟ್ಟಿಲದಲ್ಲಿ ಒಂದು ಕಟ್ಟು ಕಾರ್ಡು. ಪೋರ್ಚುಗೀಸರು 1569ರಲ್ಲಿ ಅಲ್ಲಿಯ ಕೋಟೆ ಹಿಡಿದರು. ಆಮೇಲೆ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. ಆಮೇಲೆ ಡಚ್ಚರು ಕೋಠಿ ಹಾಕಿದರು. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ, ಅಕ್ಕಿ. ಮಲಬಾರಿನಲ್ಲಿ ಮೆಣಸಿತ್ತು, ಹೊಟ್ಟೆಗೆ ಸಾಲುವಷ್ಟು ನೆಲ್ಲು ಇರಲಿಲ್ಲ. ಕೆನರಾದ ಅಕ್ಕಿ ಹೊತ್ತ ಮಂಜಿಗಳು ಕೊಚ್ಚಿಗೂ ಗೋವೆಗೂ ಹೋಗುತ್ತಿದ್ದವು, ಮಸ್ಕತ್ತಿಗೂ ಹೋಗುತ್ತಿದ್ದವು. ಜಗತ್ತು ಕೊಚ್ಚಿಯ ಮೆಣಸಿನ ಕತೆ ಹೇಳುತ್ತದೆ, ಆ ಮೆಣಸು ತೂಗುತ್ತಿದ್ದವರ ಗಂಜಿ ಎಲ್ಲಿಂದ ಬರುತ್ತಿತ್ತು ಎಂದು ಯಾರೂ ಕೇಳುವುದಿಲ್ಲ ಎಂಬುದು ಮಾವನ ಹಳೆಯ ತಕರಾರು. ನನಗೂ ಅದು ಸರಿ ಅನ್ನಿಸಿತು.

ಕೊಚ್ಚಿಯಲ್ಲಿದ್ದ ಡಚ್ಚರ ಗವರ್ನರ್ ಆಡ್ರಿಯಾನ್ ಮೂನ್ಸ್ 1781ರಲ್ಲಿ ತನ್ನ ನಂತರ ಬರುವವನಿಗೆಂದು ಒಂದು ಉದ್ದನೆಯ ವರದಿ ಬರೆದಿಟ್ಟು ಹೋದ. ಅದರಲ್ಲಿ ನಮ್ಮ ಹೈದರಾಲಿ ಅವನ ನಿದ್ದೆ ಕೆಡಿಸಿದ ಸಂಗತಿ ಇದೆ. 1766ರಲ್ಲಿ ಮಲಬಾರಿಗೆ ಇಳಿದ ಮೈಸೂರಿನ ದಂಡು ಹತ್ತು ವರ್ಷದಲ್ಲಿ ತೃಶ್ಶೂರು, ಚೇಟ್ಟುವದವರೆಗೆ ಬಂದು ಕೂತಿತ್ತು. ಶ್ರೀರಂಗಪಟ್ಟಣದ ಕಡೆಯಿಂದ ನಾವು ಓದಿದ ಚರಿತ್ರೆಯನ್ನು ಕೊಚ್ಚಿಯ ಕೋಟೆಯ ಕಿಟಕಿಯಿಂದ ನೋಡಿದ ಹಾಗೆ. ಆ ಕಿಟಕಿ ಈಗಿಲ್ಲ. 1795ರಲ್ಲಿ ಊರು ಹಿಡಿದ ಇಂಗ್ಲಿಷರು 1806ರಲ್ಲಿ ಕೋಟೆಯನ್ನು ಮದ್ದಿಟ್ಟು ಸಿಡಿಸಿದರು. ಡಚ್ಚರ ಕಡತಗಳಾದರೂ ಕೊಚ್ಚಿಯಲ್ಲಿ ಉಳಿದವೇ? ಅವು ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿವೆ.

ಕಡಲಿನ ಚರಿತ್ರೆಯ ಸ್ವಭಾವವೇ ಇಂಥದ್ದು ಎಂದು ನನಗೆ ಹೊಳೆದದ್ದು ಆ ಕಾರ್ಡುಗಳ ನಡುವೆ. ನಡೆದದ್ದು ಒಂದು ಕಡೆ, ಬರೆದದ್ದು ಇನ್ನೊಂದು ಕಡೆ, ಉಳಿದದ್ದು ಮತ್ತೆಲ್ಲೋ. ಕೊಲ್ಲಂ ರೇವಿನ ವರ್ತಕರಿಗೆ 849ರಲ್ಲಿ ಕೊಟ್ಟ ತರಿಸಾಪ್ಪಳ್ಳಿ ತಾಮ್ರಶಾಸನದಲ್ಲಿ ಸಾಕ್ಷಿಗಳು ಅರಬಿ, ಪಹ್ಲವಿ, ಹೀಬ್ರೂ ಲಿಪಿಯ ಪಾರಸಿಗಳಲ್ಲಿ ರುಜು ಹಾಕಿದ್ದಾರೆ; ತಗಡುಗಳು ಈಗ ಕೋಟ್ಟಯಂ, ತಿರುವಲ್ಲ ಕಡೆಯ ಚರ್ಚುಗಳ ವಶದಲ್ಲಿವೆ. ಪೋರ್ಚುಗೀಸರ ಜೊತೆಗಿನ ಕಾದಾಟವನ್ನು ಹದಿನಾರನೆಯ ಶತಮಾನದಲ್ಲೇ ಬರೆದ ಪೊನ್ನಾನಿಯ ಶೇಖ್ ಜೈನುದ್ದೀನ್ ಮಖ್ದೂಮರು ಬರೆದದ್ದು ಅರಬಿಯಲ್ಲಿ. ವಾಸ್ಕೊ ಡ ಗಾಮಾ 1524ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಕೊಚ್ಚಿಯಲ್ಲಿ ಸತ್ತ. ಕಲ್ಲು ಇಲ್ಲಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿದೆ, ಮೂಳೆ 1539ರಲ್ಲಿ ಪೋರ್ಚುಗಲ್ಲಿಗೆ ಹೋಯಿತು. ಚದುರಿದ ಇದನ್ನೆಲ್ಲ ಜೋಡಿಸಬೇಕಾದರೆ ಹಡಗು ಹತ್ತಿ ಪ್ರಯೋಜನವಿಲ್ಲ, ಒಂದು ಮೇಜಿನ ಮುಂದೆ ಅಲುಗದೆ ಕೂರುವ ಮನುಷ್ಯ ಬೇಕು. ಎಂಗಂಡಿಯೂರಿನಲ್ಲಿ ಗ್ರಂಥಪಾಲಕರಾಗಿದ್ದುಕೊಂಡೇ ಕೇರಳಕ್ಕೆ ಬಂದ ಹೊರನಾಡ ಪ್ರವಾಸಿಗರ ಬರಹಗಳನ್ನು ಮಲಯಾಳಿಗಳಿಗೆ ತಲುಪಿಸಿದ ವೇಲಾಯುಧನ್ ಪಣಿಕ್ಕಶ್ಶೇರಿಯವರ ಹೆಸರನ್ನು ಮಾವ ಗುರುವಿನ ಹೆಸರು ಹೇಳುವಂತೆ ಹೇಳುತ್ತಾರೆ. ಮಂಜೇಶ್ವರದ ಗೋವಿಂದ ಪೈಗಳದೂ ಅದೇ ಜಾತಿ. ಈಜಿಪ್ಟಿನ ಕಸದ ಗುಡ್ಡೆಯಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಸದ್ದು ಕೇಳುತ್ತದೆಯೇ ಎಂದು ಮನೆಯಲ್ಲಿ ಕೂತೇ ತಲೆಕೆಡಿಸಿಕೊಂಡವರಲ್ಲಿ ಅವರೂ ಒಬ್ಬರು. ಅವರ ಪುಸ್ತಕಗಳು ಈಗ ಉಡುಪಿಯ ಎಂಜಿಎಂ ಕಾಲೇಜಿನಲ್ಲಿವೆ. ಮಾವ ಊರಿಗೆ ಬಂದರೆ ನಮ್ಮ ಮನೆಗಿಂತ ಮೊದಲು ಅಲ್ಲಿಗೆ ಹೋಗುವುದು.

ತಿರುವನಂತಪುರಕ್ಕೆ ರೈಲಿನಲ್ಲಿ ಹೋದೆವು. ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಮಾವ ಇಡೀ ದಾರಿ ನಿದ್ದೆ ಹೊಡೆದರು. ಇಳಿದ ಮೇಲೆ ಅವರ ನಡಿಗೆಯೇ ಬೇರೆ. ಇಪ್ಪತ್ತರ ಹುಡುಗನಾಗಿ ಬಂದಿಳಿದ ಊರು. 1829ರಲ್ಲಿ ಶುರುವಾದ ಸಾರ್ವಜನಿಕ ಗ್ರಂಥಾಲಯ, ಚಿಸ್ಹೋಮ್ ಕಟ್ಟಿದ, 1880ರಲ್ಲಿ ಮುಗಿದ ಕೆಂಪು ಬಣ್ಣದ ನೇಪಿಯರ್ ಮ್ಯೂಸಿಯಂ, ಎಲ್ಲವನ್ನೂ ತಮ್ಮ ಅಂಗಳವೆಂಬಂತೆ ತೋರಿಸುತ್ತಾ ಕೋಟೆಯ ಒಳಗೆ, ಪದ್ಮನಾಭಸ್ವಾಮಿ ದೇವಸ್ಥಾನದ ಹತ್ತಿರದ ಹಳೆಯ ಪತ್ರಾಗಾರಕ್ಕೆ ಕರೆದೊಯ್ದರು. 2022ರ ಡಿಸೆಂಬರಿನಿಂದ ಅಲ್ಲಿ ತಾಳೆಗರಿಗಳದ್ದೇ ಒಂದು ಮ್ಯೂಸಿಯಂ ಇದೆ.

ತಾಳೆಗರಿಯ ಕಟ್ಟನ್ನು ನಾನು ಮಠಗಳಲ್ಲಿ ನೋಡಿದ್ದೆ. ಎರಡು ಹಲಗೆಯ ನಡುವೆ ಅಚ್ಚುಕಟ್ಟಾಗಿ ಕಟ್ಟಿದ ಪುರಾಣಗಳು. ಇಲ್ಲಿಯದ್ದು ಅದಲ್ಲ. 'ಚುರುಣ' ಎನ್ನುತ್ತಾರೆ, ಉದ್ದುದ್ದ ಓಲೆಗಳನ್ನು ಸುರುಳಿ ಸುತ್ತಿ ಬಿಗಿದ ಉಂಡೆ. ದೇವಸ್ಥಾನದ ಮತಿಲಗಂ ದಾಖಲೆಗಳೊಂದೇ ಮೂರು ಸಾವಿರಕ್ಕೂ ಹೆಚ್ಚು ಚುರುಣಗಳು; ಓಲೆಗಳ ಲೆಕ್ಕ ಲಕ್ಷಗಳಲ್ಲಿ. ಒಂದರ ಪಕ್ಕಕ್ಕೆ ಕಣ್ಣಿಟ್ಟು ನೋಡಿದೆ. ಅಂಚುಗಳೆಲ್ಲ ಒತ್ತಿಕೊಂಡು, ಮರದ ಕಾಂಡ ಕೊಯ್ದಾಗ ಕಾಣುವ ಸುತ್ತುಗಳಂತೆ. ವಟ್ಟೆಳುತ್ತು, ಕೋಲೆಳುತ್ತು, ಮಲಯಾಣ್ಮ ಎಂದು ಲಿಪಿಗಳೇ ಹಲವು. ಪುರಾಣವಲ್ಲ, ವ್ಯವಹಾರ: ಭೂಮಿ, ತೆರಿಗೆ, ಪಾತ್ರೆ, ಪೂಜೆಯ ಅಕ್ಕಿ. ಕಂಠದಲ್ಲಿ ಕೊರೆದ ಅಕ್ಷರ ಬರಿಗಣ್ಣಿಗೆ ಕಾಣುವುದಿಲ್ಲ. ಮಸಿ ಸವರಿ ಬಟ್ಟೆಯಿಂದ ಒರೆಸಿದರೆ ಗೆರೆಯಲ್ಲಿ ಮಾತ್ರ ಕಪ್ಪು ನಿಂತು ಸಾಲು ಏಳುತ್ತದೆ. ಹುಳ ಬೀಳದಿರಲು, ಓಲೆ ಬಿರುಸಾಗದಿರಲು ಮಜ್ಜಿಗೆಹುಲ್ಲಿನ ಎಣ್ಣೆ. ಹಾಗಾಗಿ ಇಂಥ ಓಲೆ ಕೋಣೆಗಳಿಗೆ ಹಳೆಯ ಪುಸ್ತಕದ ಮುಗ್ಗಲು ವಾಸನೆ ಇಲ್ಲ, ಕಷಾಯದ ಪರಿಮಳ. ಮಾವ ತಮ್ಮ ಬೆರಳು ಮೂಸಿ ನೋಡಿಕೊಂಡರು. "ಮೊದಲೆಲ್ಲ ಮನೆಗೆ ಹೋದರೂ ಇದೇ ವಾಸನೆ. ನಿನ್ನ ಅತ್ತೆ ಸೋಪು ಬದಲಿಸಿ ಬದಲಿಸಿ ಸೋತಳು."

1741ರಲ್ಲಿ ತಿರುವಾಂಕೂರಿನ ಅರಸ ಮಾರ್ತಾಂಡವರ್ಮ ಕೊಳಚ್ಚಲಿನಲ್ಲಿ ಡಚ್ಚರನ್ನು ಸೋಲಿಸಿದ ಕತೆಯೂ ಅಲ್ಲಿದೆ. ಸೆರೆಸಿಕ್ಕ ಡಚ್ಚರ ಸೇನಾನಿ ಡಿ ಲನ್ನೋಯ್ ತಿರುವಾಂಕೂರಿನ ಸೈನ್ಯವನ್ನೇ ತರಬೇತು ಮಾಡಿದ, ಆ ನಾಡಿನಲ್ಲೇ ಮಣ್ಣಾದ. ಶಾಲೆಯ ಮಕ್ಕಳು ಆ ಕತೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾವನಿಗೆ ಯುದ್ಧಗಳಲ್ಲಿ ಅಷ್ಟು ಆಸಕ್ತಿಯಿಲ್ಲ. ಸರಕುಪಟ್ಟಿ ಎಂದರೆ ಕಿವಿ ನಿಮಿರುತ್ತದೆ.

ಅವರ ಪ್ರಕಾರ ಈ ಕರಾವಳಿಯ ಅತಿ ದೊಡ್ಡ ಕಾಗದ ಇರುವುದು ವಿಯೆನ್ನಾದಲ್ಲಿ. 1985ರಲ್ಲಿ ಬೆಳಕಿಗೆ ಬಂದ ಹರಿದ ಪಪೈರಸ್, ಎರಡನೆಯ ಶತಮಾನದ್ದು. ಒಂದು ಬದಿಯಲ್ಲಿ ಮುಜಿರಿಸ್ ವ್ಯಾಪಾರದ ಸಾಲದ ಕರಾರು, ಇನ್ನೊಂದು ಬದಿಯಲ್ಲಿ 'ಹರ್ಮಪೊಲ್ಲನ್' ಎಂಬ ಹಡಗಿನ ಸರಕಿನ ಲೆಕ್ಕ: ಗಂಗಾತೀರದ ಜಟಾಮಾಂಸಿ 60 ಪೆಟ್ಟಿಗೆ, ಆನೆದಂತ, ಇನ್ನೂ ಏನೇನೋ. ಒಟ್ಟು ಬೆಲೆ ಸುಮಾರು 70 ಲಕ್ಷ ರೋಮನ್ ಸೆಸ್ಟರ್ಸ್. ಮುಜಿರಿಸ್‌ನಿಂದ ಹೋದ ಸಾವಿರಾರು ಹಡಗುಗಳಲ್ಲಿ ಸರಕುಪಟ್ಟಿ ಉಳಿದದ್ದು ಇದೊಂದರದ್ದೇ.

ಸಂಜೆ ವಿಳಿಞ್ಞಂಗೆ ಹೋದೆವು. ಮೀನುಗಾರರ ರೇವಿನಿಂದ ಆಚೆ ಹೊಸ ಬಂದರಿನ ಕ್ರೇನುಗಳು ಆಕಾಶ ತಿವಿಯುತ್ತಿದ್ದವು. 2024ರ ಜುಲೈನಲ್ಲಿ ಇಲ್ಲಿಗೆ ಮೊದಲ ದೊಡ್ಡ ಹಡಗು 'ಸ್ಯಾನ್ ಫರ್ನಾಂಡೊ' ಬಂತು, ಮರುವರ್ಷದ ಜೂನಿನಲ್ಲಿ ಸುಮಾರು 400 ಮೀಟರ್ ಉದ್ದದ 'ಐರಿನಾ'. ತೈಕ್ಕಲಿನ ನಾವೆಯನ್ನು ಅದರ ಡೆಕ್ಕಿನ ಮೇಲೆ ಉದ್ದಕ್ಕೆ ಇಪ್ಪತ್ತು ಜೋಡಿಸಿದರೂ ಜಾಗ ಉಳಿದೀತು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಮಾವನ ಕಣ್ಣು ಮಾತ್ರ ಮರಳಿನ ಮೇಲೆ. ಅಲ್ಲಲ್ಲಿ ಸಾಬಕ್ಕಿಯಷ್ಟು ದೊಡ್ಡ ಬಿಳಿ ಕಾಳುಗಳನ್ನು ಹುಡುಕುತ್ತಿದ್ದರು.

2025ರ ಮೇ ತಿಂಗಳಲ್ಲಿ ಇದೇ ವಿಳಿಞ್ಞಂನಿಂದ ಕೊಚ್ಚಿಗೆ ಹೊರಟ 'ಎಂಎಸ್‌ಸಿ ಎಲ್ಸಾ 3' ವಾಲಿ ಮುಳುಗಿತು. ಹಡಗಿನಲ್ಲಿದ್ದ 24 ಮಂದಿಯೂ ಪಾರಾದರು. 640 ಕಂಟೇನರುಗಳಲ್ಲಿ ಕೆಲವು ತೇಲಿ ದಡಕ್ಕೆ ಬಂದವು, ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಮರಳಿನವರೆಗೂ ಹರಡಿದವು. ಅದರ ಸರಕುಪಟ್ಟಿ ಹೊರಬಂದ ದಿನವೇ ಮಾವ ಮೊಮ್ಮಗನಿಂದ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾರೆ. ಮರ, ಹತ್ತಿ, ತೆಂಗಿನಕಾಯಿ, ಗೇರುಬೀಜ, ಕ್ಯಾಲ್ಸಿಯಂ ಕಾರ್ಬೈಡ್.

"ಹರ್ಮಪೊಲ್ಲನ್ನಿನ ಪಟ್ಟಿಗೆ 387 ಹಾಕಿದ್ದೇನೆ, ಜಲಸಾರಿಗೆ. ಇದಕ್ಕೂ ಅದೇ ಹಾಕುವುದಾ? ಅಥವಾ 363.123, ಹಡಗಿನ ಅಪಘಾತ? ನಿನ್ನ ಮೀನುಗಾರರನ್ನು ಕೇಳಿದರೆ ಅವರು ಮಾಲಿನ್ಯಕ್ಕೆ ಹಾಕು ಅಂತಾರೆ."

"ಮೂರು ಕಾರ್ಡು ಬರೆಯಿರಿ ಮಾವ."

"ಬರೆದಾಯ್ತು" ಎಂದು ಮಾವ ಆಟೋದವನೊಡನೆ ಮಲಯಾಳಂನಲ್ಲಿ ಚೌಕಾಸಿಗೆ ಇಳಿದರು. ಆತ ಇನ್ನೂರೈವತ್ತು ಕೇಳಿದ. ಇವರು ಇನ್ನೂರಕ್ಕಿಂತ ಒಂದು ಪೈಸೆ ಮೇಲೆ ಏರಲಿಲ್ಲ.